ಡೆಡ್ ಸ್ಟಾಕ್ ನಂಬರ್ 47

(1/8)

ಫೋಟೋ ನೋಡಿ. ಅಲಮಾರಿಯ ಮೇಲಿನ ಖಾನೆ. ಹಳೇ ಪ್ರಶ್ನೆಪತ್ರಿಕೆ ಕಟ್ಟುಗಳ ಹಿಂದೆ ಒಂದು ಉದ್ದನೆಯ ರಟ್ಟಿನ ಡಬ್ಬಿ. ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ‘ಡೆ.ಸ್ಟಾ. 47’ ಅಂತ ಬರೆದಿದ್ದಾರೆ. ಡೆಡ್ ಸ್ಟಾಕ್ ನಂಬರ್ 47. ಒಳಗಿರೋದು ಟೆಲಿಸ್ಕೋಪ್.

ಇದು ನಾನು ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಓದಿದ ಹೈಸ್ಕೂಲು. ದೇವದುರ್ಗ ಕಡೆಯದು. ಹೆಸರು ಹೇಳಲ್ಲ, ಕಾಮೆಂಟಲ್ಲಿ ಕೇಳಲೂ ಬೇಡಿ. ಆ ಮೂರು ವರ್ಷದಲ್ಲಿ ಈ ಡಬ್ಬಿ ಹೊರಗೆ ಬಂದಿದ್ದು ಮೂರೇ ಸಲ. ಪ್ರತಿ ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ, ಅದೂ ಹಗಲು ಹನ್ನೊಂದು ಗಂಟೆಗೆ. ಟೇಬಲ್ ಮೇಲೆ ಬಟ್ಟೆ ಹಾಸಿ ಇಡೋರು, ಅತಿಥಿಗಳು ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳೋರು, ಸಂಜೆ ಮತ್ತೆ ಅಲಮಾರಿಗೆ. ನಾವು ‘ಸರ್, ನೋಡ್ಲಿಕ್ಕೆ ಕೊಡ್ರಿ’ ಅಂದ್ರೆ ಒಂದೇ ಉತ್ತರ: ‘ಮುಟ್ಟಬ್ಯಾಡ್ರಿ, ಕೆಡ್ತದ.’

ಕಳೆದ ವರ್ಷ ಒಂದು ಸರ್ಟಿಫಿಕೇಟಿಗೋಸ್ಕರ ಅಲ್ಲಿಗೆ ಹೋಗಿದ್ದೆ. ಕೇಳಿ ತೆಗೆಸಿ ನೋಡಿದೆ. ಮಳೆಗಾಲದಲ್ಲಿ ಸೋರೋ ಗೋಡೆಗೆ ಅಂಟಿದ ಅಲಮಾರಿ, ಡಬ್ಬಿ ತಳ ನೆನೆದು ಒಣಗಿ ಉಬ್ಬಿತ್ತು. ಲೆನ್ಸಿನ ಒಳಗಡೆ ಜೇಡರ ಬಲೆ ಥರ ಬಿಳಿ ಎಳೆಗಳು. ಅದು ಬೂಷ್ಟು, ಫಂಗಸ್. ಫೋಕಸ್ ತಿರುಗಿಸೋ ಗುಂಡಿ ಗ್ರೀಸ್ ಒಣಗಿ ಬಿಗಿದಿತ್ತು. ಸ್ಕ್ರೂಗಳಿಗೆ ತುಕ್ಕು.

ಯಾರೂ ಮುಟ್ಟಿಲ್ಲ. ಆದರೂ ಕೆಟ್ಟಿದೆ.

ಈ ಎಂಟು ಪೋಸ್ಟಲ್ಲಿ ನಾನು ಹೇಳೋದು ಒಂದೇ ಮಾತು. ಟೆಲಿಸ್ಕೋಪನ್ನ ಬೀಗ ಹಾಕಿ ಇಡೋದಕ್ಕೆ ‘ಜೋಪಾನ’ ಅನ್ನೋದನ್ನ ನಿಲ್ಲಿಸಿ. ಜೋಪಾನ ಮಾಡೋದು ಹೇಗೆ ಅಂತನೂ ಹೇಳ್ತೀನಿ, ಪೂರ್ತಿ ಓದಿ. ಜಗಳ ಆಡೋದಿದ್ರೆ ಎಂಟನೇದು ಓದಿದ ಮೇಲೆ ಆಡೋಣ.

(2/8)

ಬಿಕಾಂ ದೋಸ್ತರೇ, ಇದು ನಿಮಗಾಗಿ.

ಶಾಲೆ, ಕಚೇರಿಗಳಲ್ಲಿ ಬೆಂಚು, ಕುರ್ಚಿ, ಅಲಮಾರಿ ಬರೆದಿಡೋ ಪುಸ್ತಕಕ್ಕೆ ಡೆಡ್ ಸ್ಟಾಕ್ ರಿಜಿಸ್ಟರ್ ಅಂತಾರೆ. ಟೆಲಿಸ್ಕೋಪೂ ಅದರಲ್ಲೇ ಬರುತ್ತೆ. ಸವಕಳಿ ಪಾಠ ನೆನಪಿದೆಯಾ? ಆಸ್ತಿಯ ಬೆಲೆ ಇಳಿಯೋದು ಬಳಸೋದ್ರಿಂದ ಮಾತ್ರ ಅಂತ ಪುಸ್ತಕ ಹೇಳಲ್ಲ. ಸುಮ್ಮನೆ ಕಾಲ ಕಳೆದರೂ ಇಳಿಯುತ್ತೆ ಅನ್ನುತ್ತೆ. ಇದನ್ನ ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆದು ಬಂದು, ಮನೆಯಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಜನ ನಾವು.

ಒಂದು ಲೆಕ್ಕ ಮಾಡೋಣ. ಟೆಲಿಸ್ಕೋಪಿಗೆ 9,000 ರೂಪಾಯಿ ಅಂದ್ಕೊಳ್ಳಿ. ಆಯುಷ್ಯ 10 ವರ್ಷ. ಸ್ಟ್ರೇಟ್ ಲೈನ್ ಮೆಥಡ್ ಹಾಕಿದ್ರೆ ವರ್ಷಕ್ಕೆ 900 ರೂಪಾಯಿ ಹೋಯ್ತು, ಬಳಸಿದ್ರೂ ಹೋಯ್ತು, ಬಳಸದಿದ್ರೂ ಹೋಯ್ತು. ವರ್ಷಕ್ಕೆ 90 ಮಕ್ಕಳು ನೋಡಿದ್ರೆ ಒಬ್ಬರಿಗೆ ಬಿದ್ದ ಖರ್ಚು 10 ರೂಪಾಯಿ. ಒಂದು ಮಿರ್ಚಿ ಪ್ಲೇಟಿಗಿಂತ ಕಮ್ಮಿ. ಯಾರೂ ನೋಡದಿದ್ರೆ? 900 ಭಾಗಿಸು ಸೊನ್ನೆ. ಕ್ಯಾಲ್ಕುಲೇಟರಲ್ಲಿ ಒತ್ತಿ ನೋಡಿ, ಎರರ್ ಬರುತ್ತೆ.

ಇನ್ನು ಆ ಕಡೆಯವರ ಮಾತನ್ನೂ ಹೇಳಬೇಕು, ಇಲ್ಲಾಂದ್ರೆ ನನ್ನದು ಅನ್ಯಾಯ. ನಮ್ಮ ಸರ್ ಕೆಟ್ಟವರಲ್ಲ. ವರ್ಷಕ್ಕೊಮ್ಮೆ ಸ್ಟಾಕ್ ಪರಿಶೀಲನೆ ಆಗುತ್ತೆ. ವಸ್ತು ಒಡೆದಿದ್ರೆ ಸಹಿ ಮಾಡಿದವರು ಉತ್ತರ ಕೊಡಬೇಕು. ವಸ್ತು ಬಳಸಿಲ್ಲ ಅಂದ್ರೆ ಯಾರೂ ಕೇಳಲ್ಲ. ಅವರ ಜಾಗದಲ್ಲಿ ನಾನಿದ್ರೂ ಬೀಗ ಹಾಕ್ತಿದ್ದೆ ಅನ್ಸುತ್ತೆ. ತಪ್ಪು ಇರೋದು ಆ ಪುಸ್ತಕದ ಕಾಲಂಗಳಲ್ಲಿ. ‘ಇದೆಯಾ?’ ಅಂತ ಕೇಳೋಕೆ ಕಾಲಂ ಇದೆ. ‘ಎಷ್ಟು ಜನ ನೋಡಿದ್ರು?’ ಅಂತ ಕೇಳೋಕೆ ಇಲ್ಲ. ಆ ಕಾಲಂ ನಾವೇ ಹಾಕ್ಕೊಳ್ಳೋಣ ಅನ್ನೋದು ನನ್ನ ವಾದ. ಹೇಗೆ ಅಂತ ಕೊನೇ ಪೋಸ್ಟಲ್ಲಿ.

(3/8)

‘ಮಕ್ಕಳ ಕೈಗೆ ಕೊಟ್ರೆ ಕೆಡಿಸ್ತಾರೆ.’ ಸರಿ, ಕೆಡಿಸದ ಹಾಗೆ ಕಲಿಸೋಕೆ ಎಷ್ಟು ಹೊತ್ತು ಬೇಕು? ಒಂದು ಸಂಜೆ. ಸೇವ್ ಮಾಡ್ಕೊಳ್ಳಿ.

ನನ್ನ ಹತ್ರ ಇರೋದು, ಶಾಲೆ ಡಬ್ಬಿಯಲ್ಲಿ ಇದ್ದದ್ದು, ಎರಡೂ ಒಂದೇ ಜಾತಿ. ಮುಂದಿನ ಲೆನ್ಸಿನ ಅಗಲ 70 ಮಿ.ಮೀ., ಫೋಕಲ್ ಲೆಂತ್ 700 ಮಿ.ಮೀ. ಜೊತೆಗೆ ಎರಡು ಐಪೀಸ್, ಅಂದ್ರೆ ಕಣ್ಣಿಡೋ ಚಿಕ್ಕ ಲೆನ್ಸ್: 25 ಮತ್ತು 10. 700ನ್ನ 25ರಿಂದ ಭಾಗಿಸಿ, 28 ಪಟ್ಟು ದೊಡ್ಡದಾಗಿ ಕಾಣುತ್ತೆ. 10ರಿಂದ ಭಾಗಿಸಿದ್ರೆ 70 ಪಟ್ಟು. ಯಾವಾಗಲೂ 25ರಿಂದ ಶುರು ಮಾಡಿ. ಚಿತ್ರ ಚಿಕ್ಕದಾದ್ರೂ ಬೆಳಕು ಜಾಸ್ತಿ, ಆಕಾಶದ ಜಾಗ ಜಾಸ್ತಿ, ಹುಡುಕೋದು ಸುಲಭ.

ಮೊದಲ ಸಲ ರಾತ್ರಿ ಬಿಚ್ಚಬೇಡಿ. ಹಗಲಲ್ಲಿ ಜೋಡಿಸಿ. ಟೆಲಿಸ್ಕೋಪಿನ ಬೆನ್ನ ಮೇಲೆ ಒಂದು ಚಿಕ್ಕ ಕೊಳವೆ ಅಥವಾ ಕೆಂಪು ಚುಕ್ಕಿ ತೋರಿಸೋ ಸಾಧನ ಇರುತ್ತಲ್ಲ, ಅದೇ ಫೈಂಡರ್. ಅದು ಮತ್ತು ದೊಡ್ಡ ಕೊಳವೆ ಒಂದೇ ಕಡೆ ನೋಡ್ಬೇಕು. ಹೊಸಬರಲ್ಲಿ ಬಹಳ ಜನ ‘ಏನೂ ಕಾಣ್ತಿಲ್ಲ’ ಅಂತ ಟೆಲಿಸ್ಕೋಪ್ ಎತ್ತಿಡೋದು ಇದೊಂದು ಸರಿ ಇಲ್ಲದ್ದಕ್ಕೆ. ದೂರದ, ಅಲುಗಾಡದ ಒಂದು ತುದಿ ಹುಡುಕಿ. ರಾಯಚೂರಿನವರಿಗೆ ಕೋಟೆ ಬೆಟ್ಟದ ನೆತ್ತಿ. ಶಕ್ತಿನಗರ ಕಡೆಯವರಿಗೆ ಆರ್‌ಟಿಪಿಎಸ್ ಚಿಮಣಿ. ಮಾನ್ವಿ, ದೇವದುರ್ಗದವರಿಗೆ ಯಾವುದಾದ್ರೂ ಮೊಬೈಲ್ ಟವರಿನ ತುದಿ. ಸೂರ್ಯ ಇರೋ ದಿಕ್ಕು ಮಾತ್ರ ಬೇಡ, ಯಾಕೆ ಅಂತ ಆರನೇ ಪೋಸ್ಟಲ್ಲಿ ಇದೆ. ದೊಡ್ಡ ಕೊಳವೆಯಲ್ಲಿ ಆ ತುದಿಯನ್ನ ನಟ್ಟನಡುವೆ ತಂದು ಗಟ್ಟಿ ಮಾಡಿ. ಆಮೇಲೆ ಫೈಂಡರಿನ ಸ್ಕ್ರೂ ತಿರುಗಿಸಿ, ಅದರಲ್ಲೂ ಅದೇ ತುದಿ ನಡುವೆ ಬರೋ ಹಾಗೆ ಮಾಡಿ. ಮುಗೀತು. ಹತ್ತು ನಿಮಿಷದ ಕೆಲಸ.

ಕೆಂಪು ಚುಕ್ಕಿ ಫೈಂಡರಿಗೆ ಸೆಲ್ ಇರುತ್ತೆ. ಆಫ್ ಮಾಡೋದು ಮರೀಬೇಡಿ. ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಸೆಲ್ ತೆಗೆದಿಡಿ.

(4/8)

ನಮ್ಮೂರಿಗೆ ಅಂತಲೇ ಬೇಕಾದ ಪಾಠ ಇದು. ಇಂಗ್ಲಿಷ್ ವಿಡಿಯೋಗಳಲ್ಲಿ ಚಳಿ ದೇಶದವರು ಕೋಟು ಹಾಕ್ಕೊಂಡು ಹೇಳ್ತಾರೆ. ನಮ್ಮದು ಬಿಸಿಲು ನಾಡು.

ಏಪ್ರಿಲ್, ಮೇನಲ್ಲಿ ಮಾಳಿಗೆಯ ಕಾಂಕ್ರೀಟು ಹಗಲೆಲ್ಲ ಕಾದು, ರಾತ್ರಿಯೆಲ್ಲ ಆ ಕಾವು ಬಿಡ್ತಾ ಇರುತ್ತೆ. ಆ ಬಿಸಿಗಾಳಿ ಮೇಲೇರುವಾಗ ಅದರೊಳಗಿಂದ ಚಂದ್ರನನ್ನ ನೋಡಿದ್ರೆ, ಹರಿಯೋ ನೀರಿನ ತಳದಲ್ಲಿರೋ ನಾಣ್ಯ ನೋಡಿದ ಹಾಗೆ, ಅಲುಗಾಡ್ತಾನೇ ಇರ್ತಾನೆ. ಟೆಲಿಸ್ಕೋಪ್ ಖರಾಬ್ ಅಂತ ಬೈಬೇಡಿ. ಬೇಸಿಗೆಯಲ್ಲಿ ಅಂಗಳದ ಮಣ್ಣಿನ ಮೇಲೆ ಇಡಿ, ಇಲ್ಲಾ ಬೆಳಗಿನ ಜಾವ ನೋಡಿ. ಅಕ್ಟೋಬರಿಂದ ಮಾರ್ಚಿನವರೆಗೆ ನಮ್ಮ ಆಕಾಶ ಬಂಗಾರ. ಆಗ ಮಾಳಿಗೆನೂ ಆಗುತ್ತೆ. ಮನೆ ಒಳಗಿಂದ ಹೊರಗೆ ತಂದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ. ಒಳಗಿನ ಗಾಳಿ ಹೊರಗಿನ ಗಾಳಿಯಷ್ಟೇ ತಣ್ಣಗಾದ ಮೇಲೆ ಚಿತ್ರ ನಿಲ್ಲುತ್ತೆ.

ಟ್ರೈಪಾಡ್ ಕಾಲು ಪೂರ್ತಿ ಎಳೀಬೇಡಿ. ಎತ್ತರ ಹೆಚ್ಚಿದಷ್ಟೂ ನಡುಕ. ಕಾಲು ಗಿಡ್ಡ ಇಟ್ಕೊಂಡು ನೀವು ಸ್ಟೂಲ್ ಮೇಲೆ ಕೂತ್ಕೊಳ್ಳಿ. ಮೂರು ಕಾಲಿನ ನಡುವೆ ಒಂದು ಕೈಚೀಲದಲ್ಲಿ ಎರಡು ಮೂರು ಕಿಲೋ ಮರಳು ತುಂಬಿ ತೂಗು ಹಾಕಿ, ಬಂಡೆ ಥರ ನಿಲ್ಲುತ್ತೆ. ದೇವದುರ್ಗದವರಿಗೆ ಮರಳು ಎಲ್ಲಿ ಸಿಗುತ್ತೆ ಅಂತ ನಾನು ಹೇಳ್ಬೇಕಾ?

ಮೊದಲು ನೋಡೋದು ಚಂದ್ರನನ್ನ. ಆದರೆ ಹುಣ್ಣಿಮೆ ದಿನ ಬೇಡ! ಎಲ್ಲರೂ ಅವತ್ತೇ ಕರೀತಾರೆ, ಅವತ್ತೇ ಸಪ್ಪೆ. ಬೆಳಕು ಎದುರಿಂದ ಬಿದ್ದು ನೆರಳೇ ಇರಲ್ಲ. ಅಷ್ಟಮಿ ಆಸುಪಾಸು ನೋಡಿ. ಬೆಳಕು ಕತ್ತಲು ಸೇರೋ ಗೆರೆಯಲ್ಲಿ ಒಂದೊಂದು ಕುಳಿಯ ಅಂಚೂ, ಬೆಟ್ಟದ ನೆರಳೂ ಎದ್ದು ನಿಲ್ಲುತ್ತೆ. 10ರ ಐಪೀಸ್ ಹಾಕಿ ಕೈ ಬಿಟ್ಟು ನೋಡ್ತಿರಿ. ಒಂದೆರಡು ನಿಮಿಷಕ್ಕೆ ನಡುವಿದ್ದ ಕುಳಿ ಅಂಚಿಗೆ ಸರಿದು ಹೋಗುತ್ತೆ. ಯಾರೂ ಅಲುಗಾಡಿಸಿಲ್ಲ. ಭೂಮಿ ತಿರುಗ್ತಿದೆ. ಐದನೇ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದನ್ನ ನಾನು ನಂಬಿದ್ದು ಆ ರಾತ್ರಿ.

(5/8)

ಈಗ ತಪ್ಪೊಪ್ಪಿಗೆ. ಫೋಟೋದಲ್ಲಿರೋ ಲೆನ್ಸ್ ನನ್ನದು. ಬೆಳಕಿಗೆ ಹಿಡಿದ್ರೆ ಅರ್ಧ ಚಂದ್ರಾಕಾರದ ಗೀರುಗಳು ಕಾಣ್ತಾವಲ್ಲ, ಅವು ನನ್ನ ದುಪಟ್ಟಾದ ಕೃಪೆ. ಟೆಲಿಸ್ಕೋಪ್ ತಂದ ಮೊದಲ ವಾರ. ಧೂಳು ಕೂತಿತ್ತು, ಬಾಯಿಂದ ಊದಿದೆ, ದುಪಟ್ಟಾದ ತುದಿಯಿಂದ ಗಸಗಸ ಒರೆಸಿದೆ. ನಮ್ಮ ಕಡೆ ಧೂಳಂದ್ರೆ ಬರೀ ಮಣ್ಣಲ್ಲ, ಸಣ್ಣ ಸಣ್ಣ ಕಲ್ಲು. ಒರೆಸಿದೆ ಅಂದ್ಕೊಂಡೆ, ಉಜ್ಜಿದ್ದೆ. ಲೆನ್ಸಿನ ಮೇಲೆ ಬೆಳಕಿಗೋಸ್ಕರ ಹಚ್ಚಿರೋ ತೆಳು ಲೇಪ ಅಷ್ಟು ಜಾಗದಲ್ಲಿ ಹೋಯ್ತು.

ಹಾಗಾಗಿ ಗೀರು ಬಿದ್ದವಳ ಮಾತು ಕೇಳಿ.

ಲೆನ್ಸ್ ಮೇಲೆ ಸ್ವಲ್ಪ ಧೂಳಿದ್ರೆ ಇರಲಿ. ಚಿತ್ರಕ್ಕೆ ಏನೂ ಆಗಲ್ಲ. ತುಂಬಾ ಕೂತಿದ್ರೆ ರಬ್ಬರ್ ಬಲ್ಬಿನಿಂದ ಗಾಳಿ ಹೊಡೀರಿ, ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತೆ. ಬಾಯಿಂದ ಊದಿದ್ರೆ ಎಂಜಲು ಹಾರುತ್ತೆ. ಆಮೇಲೆ ಮೃದು ಬ್ರಶ್, ಒತ್ತದೆ. ಬೆರಳಚ್ಚು ಬಿದ್ದಿದ್ರೆ ಮಾತ್ರ ಲೆನ್ಸ್ ದ್ರವದ ಒಂದು ಹನಿ ಬಟ್ಟೆಗೆ ಹಾಕಿ, ಲೆನ್ಸಿಗೆ ನೇರ ಅಲ್ಲ, ನಡುವಿಂದ ಅಂಚಿನ ಕಡೆ ಮೆಲ್ಲಗೆ. ಸೆರಗು, ಲುಂಗಿ, ಟವೆಲ್, ಟಿಶ್ಯೂ ಯಾವುದೂ ಬೇಡ. ದೊಡ್ಡ ಲೆನ್ಸನ್ನ ಬಿಚ್ಚಲೇಬೇಡಿ. ಎರಡು ಗಾಜುಗಳನ್ನ ಲೆಕ್ಕ ಹಾಕಿ ಕೂರಿಸಿರ್ತಾರೆ, ಬಿಚ್ಚಿದ್ರೆ ಮನೆಯಲ್ಲಿ ಹಾಗೇ ಕೂರಿಸೋದು ಕಷ್ಟ.

ರಾತ್ರಿ ಇಬ್ಬನಿ ಬಿದ್ದು ಒದ್ದೆಯಾಗಿದ್ರೆ ಹಾಗೇ ಮುಚ್ಚಳ ಹಾಕಿ ಡಬ್ಬಿಗೆ ತುರುಕಬೇಡಿ. ಫಂಗಸ್ ಹುಟ್ಟೋದೇ ಅಲ್ಲಿ. ಫ್ಯಾನ್ ಇಲ್ಲದ ಒಣ ಕೋಣೆಯಲ್ಲಿ ತಾನಾಗಿ ಆರಲಿ, ಆಮೇಲೆ ಮುಚ್ಚಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರೋ ಸಿಲಿಕಾ ಜೆಲ್ ಪುಡಿಕೆ ಬಿಸಾಡ್ತೀರಲ್ಲ, ಅದನ್ನ ಕೂಡಿಟ್ಟು ಡಬ್ಬಿಯಲ್ಲಿ ಹಾಕಿ. ಮಳೆಗಾಲದಲ್ಲಿ ಮೋಡ ಇದ್ರೂ ಎರಡು ವಾರಕ್ಕೊಮ್ಮೆ ತೆಗೆದು ಗಾಳಿ ತೋರಿಸಿ.

ಗಮನಿಸಿ. ಫಂಗಸ್ಸಿಗೆ ಬೇಕಾಗಿರೋದು ಕತ್ತಲು, ತೇವ, ಅಲುಗಾಡದ ಗಾಳಿ. ಬೀಗ ಹಾಕಿದ ಅಲಮಾರಿ ಈ ಮೂರನ್ನೂ ಪುಕ್ಕಟೆ ಕೊಡುತ್ತೆ. ನಾನು ಒಂದು ವಾರದಲ್ಲಿ ಮಾಡಿದ ಗೀರಿನ ಮೇಲೆ ಇವತ್ತಿಗೂ ಚಂದ್ರ ಚೆನ್ನಾಗೇ ಕಾಣ್ತಾನೆ. ನಂಬರ್ 47ರ ಲೆನ್ಸ್ ಮಬ್ಬಾಗಿದೆ.

(6/8)

ಒಂದು ವಿಷಯಕ್ಕೆ ಮಾತ್ರ ಹೆದರಲೇಬೇಕು. ಸೂರ್ಯ.

ಟೆಲಿಸ್ಕೋಪಿನಲ್ಲಿ, ಫೈಂಡರಿನಲ್ಲಿ ಸೂರ್ಯನನ್ನ ನೋಡಬಾರದು. ಕ್ಷಣ ಸಾಕು, ಕಣ್ಣು ಹೋಗುತ್ತೆ, ನೋವು ಕೂಡ ಗೊತ್ತಾಗಲ್ಲ. ಕೆಲವು ಅಗ್ಗದ ಡಬ್ಬಿಗಳಲ್ಲಿ ಐಪೀಸಿಗೆ ಸಿಕ್ಕಿಸೋ ಕಪ್ಪು ಗಾಜು ಬರುತ್ತೆ, ‘ಸನ್’ ಅಂತ ಬರೆದಿರುತ್ತೆ. ಇವತ್ತೇ ಒಡೆದು ಬಿಸಾಡಿ. ಬಿಸಿಲೆಲ್ಲ ಒಟ್ಟಾಗೋ ಜಾಗದಲ್ಲಿ ಅದು ಕೂತಿರುತ್ತೆ, ಕಾದು ಸೀಳಿದ್ರೆ ಮುಂದೆ ನಿಮ್ಮ ಕಣ್ಣೇ. ಸೂರ್ಯನಿಗೆ ಫಿಲ್ಟರ್ ಹಾಕೋದು ಕೊಳವೆಯ ಮುಂದಿನ ಬಾಯಿಗೆ, ಪೂರ್ತಿ ಮುಚ್ಚೋ ಹಾಗೆ, ಅದಕ್ಕಂತಲೇ ಮಾಡಿದ್ದು ಮಾತ್ರ. ಮಕ್ಕಳಿದ್ರೆ ಹಗಲಲ್ಲಿ ಟೆಲಿಸ್ಕೋಪ್ ಒಂಟಿಯಾಗಿ ಬಿಡಬೇಡಿ.

ಇದು ತಿಳಿದ ಭಯ. ತಿಳಿಯದ ಭಯ ಬೇರೆ, ಅದರ ಕಥೆ ನಮ್ಮ ಜಿಲ್ಲೆಯಲ್ಲೇ ಇದೆ.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣ. ಚಂದ್ರನ ನೆರಳು ನಮ್ಮ ರಾಯಚೂರು ಸೀಮೆ ಮೇಲೆ ಹಾದು ಹೋಯ್ತು. ಮಾನ್ವಿಯಿಂದ ಸಿಂಧನೂರಿಗೆ ಹೋಗೋ ದಾರಿಯಲ್ಲಿ ಜವಳಗೇರಾ ಸಿಗುತ್ತಲ್ಲ, ಬಸ್ಸಿನ ಕಿಟಕಿಯಿಂದ ನೋಡಿರ್ತೀರಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಉಪಕರಣ ಹೊತ್ತು ಬಂದು ಆ ಊರಲ್ಲಿ ಕ್ಯಾಂಪ್ ಹಾಕಿದ್ರು, ಮೂರು ನಿಮಿಷಕ್ಕೂ ಕಮ್ಮಿ ಇರೋ ಕತ್ತಲಿಗೋಸ್ಕರ.

ನಮ್ಮ ಅಜ್ಜಿ ಆಗ ಮಾನ್ವಿ ಕಡೆ ನಮ್ಮೂರಲ್ಲೇ ಇದ್ದಳು. ಕೇಳಿದೆ, ನೋಡಿದ್ಯಾ ಅಂತ. ‘ಎಲ್ಲಿ ನೋಡೋದವ್ವಾ. ನಿಮ್ಮಪ್ಪ ತೊಟ್ಟಿಲದಾಗಿದ್ದ. ಬಾಗ್ಲ ಹಾಕ್ಕೊಂಡು ಒಳಗ ಕುಂತಿದ್ವಿ. ಬಾಗ್ಲ ಸಂದ್ಯಾಗ ಕತ್ಲ ಬಂತು, ಹೋತು. ಅಷ್ಟ.’ ನಲವತ್ತು ವರ್ಷ ಆದಮೇಲೂ ಆ ‘ಅಷ್ಟ’ ಅನ್ನೋದನ್ನ ಅವಳು ಹೇಗೆ ಹೇಳಿದಳು ಅಂತ ಬರೆಯೋಕೆ ನನಗೆ ಬರಲ್ಲ.

ಭಾರತದ ನೆಲದ ಮೇಲೆ ಮುಂದಿನ ಪೂರ್ಣ ಸೂರ್ಯಗ್ರಹಣ 2034ರ ಮಾರ್ಚ್ 20ಕ್ಕೆ, ಅದೂ ಕಾಶ್ಮೀರ, ಲಡಾಖ್ ಕಡೆ. ಅಜ್ಜಿಯ ಮನೆ ಬಾಗಿಲಿಗೆ ಬಂದಿದ್ದು ಬಾಗಿಲು ಹಾಕಿದ್ದಕ್ಕೆ ಹೋಯ್ತು. ಅವಳದೇನೂ ತಪ್ಪಿಲ್ಲ. ಯಾವಾಗ ನೋಡಬಾರದು, ಯಾವಾಗ ನೋಡಬಹುದು, ಹೇಗೆ ನೋಡಬೇಕು ಅಂತ ಯಾರೂ ಅವಳಿಗೆ ಹೇಳಲಿಲ್ಲ. ‘ಬ್ಯಾಡ’ ಅಂತ ಮಾತ್ರ ಹೇಳಿದ್ರು.

(7/8)

ಶಾಲೆಯವರನ್ನೇ ಬೈದರೆ ಆಗಲ್ಲ. ಈಗ ನಮ್ಮ ಸರದಿ.

ಆನ್‌ಲೈನಲ್ಲಿ ‘525 ಪಟ್ಟು’ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದದ್ದು ನೋಡಿ ತರಿಸ್ತೀವಿ. 70 ಮಿ.ಮೀ. ಲೆನ್ಸಿಗೆ ಸುಮಾರು 140 ಪಟ್ಟೇ ಮಿತಿ, ಮಿ.ಮೀ.ಗೆ ಎರಡು ಪಟ್ಟು ಅನ್ನೋ ಲೆಕ್ಕ. ಅದರ ಮೇಲೆ ಬರೀ ಮಸುಕು. ಬ್ಯಾಲೆನ್ಸ್ ಶೀಟಲ್ಲಿ ಲಾಭ ಉಬ್ಬಿಸಿ ತೋರಿಸೋರನ್ನ ನೋಡಿ ನಗ್ತೀವಿ, ಇಲ್ಲಿ ಮೋಸ ಹೋಗ್ತೀವಿ. ನೋಡಬೇಕಾದ ಅಂಕಿ ಎರಡೇ, ಲೆನ್ಸಿನ ಅಗಲ ಎಷ್ಟು, ಸ್ಟ್ಯಾಂಡ್ ಗಟ್ಟಿ ಇದೆಯಾ. ಆಮೇಲೆ ಒಂದು ಚಂದ್ರನ ಸ್ಟೋರಿ ಹಾಕ್ತೀವಿ, ಬೆಂಕಿ ಎಮೋಜಿ ಬರುತ್ತೆ, ಟೆಲಿಸ್ಕೋಪ್ ಮಂಚದ ಕೆಳಗೆ ಹೋಗುತ್ತೆ. ಅದು ನಮ್ಮ ಸ್ವಂತ ಡೆಡ್ ಸ್ಟಾಕ್.

ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ಸುತ್ತ ಚಂದ್ರಗಳನ್ನ ಕಂಡಿದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ನಮ್ಮ 25ರ ಐಪೀಸೇ ಅದಕ್ಕಿಂತ ಮೇಲು. ಬೆಂಗಳೂರಿನವರು ಕತ್ತಲ ಆಕಾಶಕ್ಕೆ ಗಾಡಿ ಮಾಡ್ಕೊಂಡು ಊರು ಬಿಟ್ಟು ಹೋಗ್ಬೇಕು. ಮಾನ್ವಿ, ದೇವದುರ್ಗದ ಹಳ್ಳಿಯವರು ಏಣಿ ಹತ್ತಿದ್ರೆ ಸಾಕು. ದುಡ್ಡಿಲ್ವಾ? ಒಳ್ಳೇ 10x50 ಬೈನಾಕ್ಯುಲರ್ ಸಾಕು, ಅದೂ ಇಲ್ಲಾಂದ್ರೆ ಮುಂದಿನ ಪೋಸ್ಟ್ ಓದಿ.

ಹುಡುಗಿಯರಿಗೆ ಒಂದು ಮಾತು. ನಾನು ಮಾಳಿಗೆ ಹತ್ತಿದ ಮೊದಲ ವಾರ ಓಣಿಯಲ್ಲಿ ಕೇಳಿದ್ರು, ‘ರಾತ್ರಿ ಹನ್ನೊಂದರ ತನಕ ಮ್ಯಾಲೆ ಏನ್ ಮಾಡ್ತಾಳ?’ ಅವ್ವನೂ ‘ಬ್ಯಾಡ ಬಿಡು, ಜನ ಏನಂತಾರ’ ಅಂದಳು. ಆಗ ಯಾಕೋ ಆ ಅಲಮಾರಿ ನೆನಪಾಯ್ತು. ನಮ್ಮನ್ನೂ ಹೀಗೇ ಜೋಪಾನ ಮಾಡ್ತಾರೆ. ಜಗಳ ಆಡಲಿಲ್ಲ. ಅವ್ವನನ್ನೇ ಮೇಲೆ ಕರೆದು ಸ್ಟೂಲ್ ಮೇಲೆ ಕೂರಿಸಿ ಶನಿಯ ಬಳೆ ತೋರಿಸಿದೆ. ಸುಮಾರು ಹೊತ್ತು ಕಣ್ಣು ತೆಗೀಲಿಲ್ಲ. ಕೆಳಗಿಳಿದು ಹೋಗಿ ಪಕ್ಕದ ಮನೆ ಚಿಗವ್ವನ್ನ ಕರ್ಕೊಂಡು ಬಂದಳು. ಈಗ ಓಣಿಯಲ್ಲಿ ಕೇಳೋದು, ‘ಇವತ್ತ ಏನ್ ಕಾಣ್ತದ?’

(8/8)

ಇನ್ನು ಕೆಲಸ.

ನೀವು ಓದಿದ ಹೈಸ್ಕೂಲಿಗೆ ಹೋಗಿ. ಟೆಲಿಸ್ಕೋಪ್ ಇದೆಯಾ ಕೇಳಿ. ಇದ್ರೆ ವಿಡಿಯೋ ಮಾಡಿ ಮಾನ ಕಳೀಬೇಡಿ, ಅವರು ಇನ್ನೊಂದು ಬೀಗ ಹಾಕ್ತಾರೆ. ಸರ್ ಮುಂದೆ ಕೂತು ಹೇಳಿ: ತಿಂಗಳಿಗೆ ಒಂದು ಶನಿವಾರ, ಅಷ್ಟಮಿ ಆಸುಪಾಸು, ಸಂಜೆ ಆರರಿಂದ ಎಂಟು. ತೆಗೆಯೋದು ನಾವು, ಒಳಗಿಡೋದು ನಾವು, ಸಹಿ ನಮ್ಮದು. ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಹೋಗಿ. ಐದು ಕಾಲಂ ಗೆರೆ ಹಾಕಿ. ತಾರೀಖು. ಯಾರು ತೆಗೆದ್ರು. ಎಷ್ಟು ಜನ ನೋಡಿದ್ರು. ಏನು ಕಂಡ್ರು. ಹೇಗಿತ್ತು, ಹೇಗೆ ಒಳಗಿಟ್ಟೆವು. ಕೊನೇ ಕಾಲಂ ಇರೋದು ಸರ್ ಹೆದರಿಕೆಗೋಸ್ಕರ, ನಿಜವಾದ ಹೆದರಿಕೆ ಅದು. ಮೂರನೇ ಕಾಲಂ ಮಕ್ಕಳಿಗೋಸ್ಕರ.

ನಾನು ಇದನ್ನ ಮಾಡಿದೆ. ಮೊದಲ ಸಲ ‘ನೋಡೋಣ’ ಅಂದ್ರು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹೆಚ್.ಎಂ. ಸರ್ ನೋಟ್‌ಬುಕ್ ತೆರೆದು ಕಾಲಂ ಓದಿ, ಅಟೆಂಡರ್ ಕಾಕಾನ್ನ ಕೂಗಿ, ‘ಕೀಲಿಕೈ ಕೊಡಪ್ಪಾ’ ಅಂದ್ರು. ಗುಂಡಿಯ ಹಳೇ ಗ್ರೀಸ್ ಒರೆಸಿ ಹೊಸದು ಹಚ್ಚಿದ್ವಿ. ಒಳಗಿನ ಫಂಗಸ್ ಮುಟ್ಟಲಿಲ್ಲ, ಅದು ನಮ್ಮ ಕೈಲಾಗೋ ಕೆಲಸ ಅಲ್ಲ. ಜನವರಿಯ ಒಂದು ಶನಿವಾರ ಶಾಲೆ ಅಂಗಳದಲ್ಲಿ ಇಟ್ಟೆವು. ಮಬ್ಬು ಲೆನ್ಸಲ್ಲೂ ಚಂದ್ರನ ಕುಳಿ ಕಂಡ್ವು. ಸಾಲು ಗೇಟಿನ ತನಕ ಹೋಗಿತ್ತು. ನಮ್ಮ ಸರ್ ಸಾಲಲ್ಲಿ ನಿಂತು ನೋಡಿದ್ರು. ಇಷ್ಟು ವರ್ಷದಲ್ಲಿ ಅವರೂ ಅದರಲ್ಲಿ ರಾತ್ರಿ ನೋಡಿರಲಿಲ್ಲವಂತೆ.

ಮರುದಿನ ಊರಲ್ಲಿ ನನ್ನ ಟೆಲಿಸ್ಕೋಪಿಗೆ ಅಜ್ಜಿಯನ್ನ ಕೂರಿಸಿದೆ. ಅವಳಿಗೆ ಮಳೆ ನಕ್ಷತ್ರಗಳೆಲ್ಲ ಬಾಯಿಪಾಠ. ರೋಹಿಣಿ ಮಳೆಗೆ ಓಣೆಲ್ಲ ಜೋಳ ಅಂತ ಹೇಳ್ಕೊಂಡೇ ಬೆಳೆದವಳು, ಆದರೆ ರೋಹಿಣಿ ಯಾವುದು ಅಂತ ಯಾರೂ ತೋರಿಸಿರಲಿಲ್ಲ. ತೋರಿಸಿದೆ. ಕಿತ್ತಳೆ ಬಣ್ಣದ ಒಂದು ಚುಕ್ಕಿ. ‘ಇಷ್ಟೇನಾ?’ ಅಂದಳು. ನಕ್ಷತ್ರ ಇಂಥ ಟೆಲಿಸ್ಕೋಪಿಗೆ ಚುಕ್ಕಿನೇ ಅಜ್ಜಿ ಅಂದೆ. ಕೊಳವೆಯನ್ನ ಸ್ವಲ್ಪ ಸರಿಸಿ ಕೃತ್ತಿಕೆ ತೋರಿಸಿದೆ. ಬರಿಗಣ್ಣಿಗೆ ಆರೇಳು, ಅದರಲ್ಲಿ ಹತ್ತಾರು. ಅಜ್ಜಿ ಎಣಿಸೋಕೆ ಶುರು ಮಾಡಿದಳು, ಎಣಿಕೆ ತಪ್ಪಿತು, ಮತ್ತೆ ಮೊದಲಿಂದ.

ಕೊನೇ ಫೋಟೋ ಆ ಶಾಲೆ ನೋಟ್‌ಬುಕ್ಕಿನ ಮೊದಲ ಪುಟ. ಡೆಡ್ ಸ್ಟಾಕ್ ನಂ. 47. ನೋಡಿದವರು: 63. ಕಂಡದ್ದು: ಚಂದ್ರ. ಸ್ಥಿತಿ: ಲೆನ್ಸ್ ಮಬ್ಬು, ಉಳಿದದ್ದು ಸರಿ. ಒಣಗಿಸಿ ಒಳಗಿಟ್ಟಿದೆ.

ನಿಮ್ಮ ಶಾಲೆಯ ಪುಟ ಯಾವಾಗ? ಹಾಕಿದ್ರೆ ಟ್ಯಾಗ್ ಮಾಡಿ.

#ಡೆಡ್‌ಸ್ಟಾಕ್ #ಕೀಲಿಕೈಕೊಡಿ #ರಾಯಚೂರು #ದೇವದುರ್ಗ #ಮಾನ್ವಿ